ಜ್ವರದ ಮಗು ಮನೆಯಲ್ಲಿರಲಿ ಸರಿ, ತರಗತಿಯ ಗಾಳಿಯ ಗತಿಯೇನು?

ಸಿಂದಗಿ: 2025ರ ಮೇ 31ರಂದು ರಾಜ್ಯ ಆರೋಗ್ಯ ಇಲಾಖೆಯು ಶಾಲೆಗಳಿಗೆ ಅನ್ವಯಿಸುವ ಸುತ್ತೋಲೆಯೊಂದನ್ನು ಹೊರಡಿಸಿತು. ಬೇಸಿಗೆ ರಜೆ ಮುಗಿದು ಶಾಲೆಗಳು ಆಗಷ್ಟೇ ಬಾಗಿಲು ತೆರೆದಿದ್ದವು. ಕೋವಿಡ್ ಪ್ರಕರಣಗಳು ಮತ್ತೆ ತಲೆ ಎತ್ತಿದ್ದವು. ಜ್ವರ, ಕೆಮ್ಮು, ನೆಗಡಿ ಕಾಣಿಸಿಕೊಂಡ ಮಕ್ಕಳನ್ನು ಪೋಷಕರು ಶಾಲೆಗೆ ಕಳುಹಿಸಬಾರದು, ಗುಣವಾದ ನಂತರವೇ ಕಳುಹಿಸಬೇಕು. ಲಕ್ಷಣಗಳಿದ್ದೂ ಶಾಲೆಗೆ ಬಂದ ಮಕ್ಕಳನ್ನು ಪೋಷಕರಿಗೆ ತಿಳಿಸಿ ಮನೆಗೆ ಕಳುಹಿಸಬೇಕು. ಕೈ ತೊಳೆಯುವುದು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು ಮುಂತಾದ ಕ್ರಮಗಳನ್ನು ಪಾಲಿಸಬೇಕು ಎಂಬುದು ಅದರ ಸಾರಾಂಶ.

ಸಲಹೆಯಲ್ಲಿ ತಪ್ಪೇನೂ ಇಲ್ಲ. ವೈದ್ಯರೂ ಹೇಳುವುದು ಇದನ್ನೇ. ಆದರೆ ಈ ಸುತ್ತೋಲೆಯನ್ನು ಬೆಂಗಳೂರಿನ ಬಡಾವಣೆಯೊಂದರ ಮನೆಯಲ್ಲಿ ಓದುವುದಕ್ಕೂ ಸಿಂದಗಿ ತಾಲ್ಲೂಕಿನ ಯಂಕಂಚಿಯಂತಹ ಹಳ್ಳಿಯಲ್ಲಿ ಓದುವುದಕ್ಕೂ ಅಜಗಜಾಂತರವಿದೆ. ಇಲ್ಲಿ ತೊಗರಿ ಕಳೆ ತೆಗೆಯುವ, ಹತ್ತಿ ಬಿಡಿಸುವ ಹಂಗಾಮಿನಲ್ಲಿ ಬೆಳಿಗ್ಗೆಯೇ ಹೊಲಕ್ಕೆ ಹೊರಡುವ ತಾಯಿಗೆ ಮಗುವಿನ ಜ್ವರವೆಂದರೆ ಒಂದು ದಿನದ ಕೂಲಿಯ ನಷ್ಟ. ಮಗುವಿಗೂ ನಷ್ಟವೇ. ಶಾಲೆಗೆ ಹೋಗದ ದಿನ ಬಿಸಿಯೂಟವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. 2002ರಲ್ಲಿ ಅಕ್ಷರ ದಾಸೋಹ ಯೋಜನೆ ಮೊದಲು ಆರಂಭವಾದದ್ದು ಅಂದಿನ ಬಿಜಾಪುರವೂ ಸೇರಿದಂತೆ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ವಿತರಣೆ ಪ್ರಾಯೋಗಿಕವಾಗಿ ಆರಂಭವಾದ ಏಳು ಜಿಲ್ಲೆಗಳಲ್ಲಿಯೂ ವಿಜಯಪುರವಿತ್ತು. ಎರಡೂ ಸಂದರ್ಭಗಳಲ್ಲಿ ಈ ಜಿಲ್ಲೆಯನ್ನು ಆರಿಸಿಕೊಂಡ ಕಾರಣ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಹಲವು ಮಕ್ಕಳಿಗೆ ಶಾಲೆಯ ಊಟವೇ ದಿನದ ನಂಬಿಕೆಯ ಊಟ.

ಹೀಗಾಗಿ ಮೂಗು ಸೋರುತ್ತಿದ್ದರೂ, ಮೈ ಬಿಸಿಯಾಗಿದ್ದರೂ ಮಗು ಶಾಲೆಗೆ ಬರುತ್ತದೆ. ಬೆಳಿಗ್ಗೆ ಅರ್ಧ ಪ್ಯಾರಾಸಿಟಮಾಲ್ ನುಂಗಿಸಿದರೆ ಪ್ರಾರ್ಥನೆಯ ಹೊತ್ತಿಗೆ ಮೈ ತಣ್ಣಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಾಯುತ್ತದೆ. ಇದನ್ನು ತಾಯಿಯ ಅಜ್ಞಾನವೆಂದು ಕರೆಯುವುದು ಸುಲಭ. ಆಕೆಯ ಲೆಕ್ಕಾಚಾರವೂ ಒಂದು ಲೆಕ್ಕಾಚಾರವೇ ಎಂಬುದನ್ನು ಸುತ್ತೋಲೆ ಬರೆಯುವವರು ಅರಿಯಬೇಕಿದೆ. ಹೈಸ್ಕೂಲಿನ ಮಕ್ಕಳಿಗೆ ಶೇ 75ರ ಹಾಜರಾತಿಯ ಚಿಂತೆ. ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರಿಗೆ ರಜೆ ಹಾಕಲು ಅಳುಕು. ಏಕೋಪಾಧ್ಯಾಯ ಶಾಲೆಯ ಶಿಕ್ಷಕರಂತೂ ಕೆಮ್ಮುತ್ತಲೇ ಬರಬೇಕು, ಇಲ್ಲವಾದರೆ ಶಾಲೆಗೆ ಬೀಗ. ವರ್ಷವಿಡೀ ಒಂದು ದಿನವೂ ತಪ್ಪಿಸದ ವಿದ್ಯಾರ್ಥಿಗೆ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಡುವ ಪದ್ಧತಿಯನ್ನೂ ಈ ದೃಷ್ಟಿಯಿಂದ ಮರುಪರಿಶೀಲಿಸುವುದು ಒಳ್ಳೆಯದು.

ಇನ್ನೊಂದು ಮಿತಿ ರೋಗದ ಸ್ವಭಾವದಲ್ಲಿಯೇ ಇದೆ. ಇನ್‌ಫ್ಲುಯೆಂಜಾ ತಗುಲಿದವರು ಲಕ್ಷಣ ಕಾಣಿಸಿಕೊಳ್ಳುವ ಒಂದು ದಿನ ಮೊದಲೇ ಇತರರಿಗೆ ಅದನ್ನು ಹಂಚಲು ಆರಂಭಿಸಿರುತ್ತಾರೆ. ನಮ್ಮ ಕಡೆ ಗೊಬ್ಬರ ಎಂದು ಕರೆಯುವ ದಡಾರದಲ್ಲಿ ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮುಂಚೆಯೇ ಮಗು ಸೋಂಕು ಹರಡುತ್ತಿರುತ್ತದೆ. ಕೋವಿಡ್‌ನಲ್ಲಿ ಲಕ್ಷಣವೇ ಇಲ್ಲದ ಮಕ್ಕಳೆಷ್ಟೋ. ಅಂದರೆ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದರೂ ಸೋಂಕು ಆ ವೇಳೆಗೆ ತರಗತಿಯೊಳಗೆ ಬಂದು ಕುಳಿತಿರುತ್ತದೆ. ಹಾಗೆ ಬಂದ ನಂತರ ಅದು ಎಷ್ಟು ಮಕ್ಕಳನ್ನು ಮುಟ್ಟುತ್ತದೆ ಎಂಬುದನ್ನು ನಿರ್ಧರಿಸುವುದು ಆ ಕೊಠಡಿ. ಕೊಠಡಿ ಕಟ್ಟುವುದು, ರಿಪೇರಿ ಮಾಡಿಸುವುದು ತಾಯಿಯ ಕೆಲಸವಲ್ಲ, ಸರ್ಕಾರದ ಕೆಲಸ.

ಊದುಬತ್ತಿಯ ಪರೀಕ್ಷೆ

ಬಹುಕಾಲ ನಮಗೆ ಹೇಳಲಾಗುತ್ತಿದ್ದದ್ದು ಹೀಗೆ: ಕೆಮ್ಮಿದಾಗ, ಸೀನಿದಾಗ ಹೊರಬೀಳುವ ಹನಿಗಳು ಮೂರು ಅಡಿ, ಆರು ಅಡಿ ದೂರದಲ್ಲಿ ನೆಲಕ್ಕೆ ಬೀಳುತ್ತವೆ, ಅಂತರ ಕಾಯ್ದುಕೊಂಡು ಕೈ ತೊಳೆದುಕೊಂಡರೆ ಸಾಕು. ಈ ಮಾತು ಅರ್ಧ ಮಾತ್ರ ನಿಜ. ಮಾತನಾಡುವಾಗ, ಹಾಡುವಾಗ, ಸುಮ್ಮನೆ ಉಸಿರು ಬಿಡುವಾಗಲೂ ಹೊರಬರುವ ಅತಿ ಸೂಕ್ಷ್ಮ ಕಣಗಳು ನೆಲಕ್ಕೆ ಬೀಳದೆ ಗಾಳಿಯಲ್ಲಿಯೇ ತೇಲಾಡುತ್ತವೆ. ಮುಚ್ಚಿದ ಕೋಣೆಯ ಒಂದು ಮೂಲೆಯಲ್ಲಿ ಊದುಬತ್ತಿ ಹಚ್ಚಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ಅದರ ವಾಸನೆ ಕೊನೆಯ ಸಾಲಿನವರೆಗೆ ಮುಟ್ಟುತ್ತದೆ. ಎದುರುಬದುರು ಕಿಟಕಿ ತೆರೆದಿದ್ದರೆ ಅದೇ ವಾಸನೆ ಬೇಗನೆ ಕರಗಿ ಹೋಗುತ್ತದೆ. ಸೋಂಕಿನ ಕಣಗಳ ನಡೆಯೂ ಬಹುಮಟ್ಟಿಗೆ ಇದೇ. ಕೋವಿಡ್ ಆರಂಭದಲ್ಲಿ ಗಾಳಿಯ ಮೂಲಕ ಹರಡುವಿಕೆಯನ್ನು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಿದ ವಿಶ್ವ ಆರೋಗ್ಯ ಸಂಸ್ಥೆ, 2024ರ ಏಪ್ರಿಲ್‌ನಲ್ಲಿ ಈ ಕುರಿತ ತನ್ನ ಪರಿಭಾಷೆಯನ್ನೇ ಪರಿಷ್ಕರಿಸಿತು.

ಶಾಲೆಗಳ ಮಟ್ಟಿಗೆ ಇದು ಹೊಸ ಸಂಗತಿಯೂ ಅಲ್ಲ. 1974ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಸಮೀಪದ ಪ್ರಾಥಮಿಕ ಶಾಲೆಯೊಂದರಲ್ಲಿ ದಡಾರ ಕಾಣಿಸಿಕೊಂಡಿತು. ಎರಡನೇ ತರಗತಿಯ ಒಬ್ಬ ಬಾಲಕಿಯಿಂದ 14 ಬೇರೆ ಬೇರೆ ಕೊಠಡಿಗಳಲ್ಲಿದ್ದ 28 ಮಕ್ಕಳಿಗೆ ರೋಗ ತಗುಲಿತು. ಅವರಲ್ಲಿ ಬಹುತೇಕರು ಆಕೆಯ ಜೊತೆ ಒಂದೇ ಕೋಣೆಯಲ್ಲಿ ಕುಳಿತವರಲ್ಲ. ಕಟ್ಟಡದ ಗಾಳಿಯ ಕೊಳವೆಗಳೇ ಸೋಂಕನ್ನು ಕೊಠಡಿಯಿಂದ ಕೊಠಡಿಗೆ ಒಯ್ದಿದ್ದವು. ಆ ಶಾಲೆಯ ಬಹುಪಾಲು ಮಕ್ಕಳು ಲಸಿಕೆ ಪಡೆದವರಾಗಿದ್ದರು ಎಂಬುದು ಗಮನಾರ್ಹ.

ಗಾಳಿಯಾಡುವಿಕೆ ಹೆಚ್ಚಿಸಿದರೆ ಸೋಂಕು ಎಷ್ಟು ತಗ್ಗೀತು ಎಂಬ ಪ್ರಶ್ನೆಗೆ ಇಟಲಿಯ ಮಾರ್ಕೆ ಪ್ರಾಂತದ ಹತ್ತು ಸಾವಿರಕ್ಕೂ ಹೆಚ್ಚು ತರಗತಿಗಳ ಅಧ್ಯಯನವೊಂದು ಉತ್ತರ ನೀಡಿದೆ. ಯಾಂತ್ರಿಕ ಗಾಳಿ ವ್ಯವಸ್ಥೆಯಿದ್ದ ಕೊಠಡಿಗಳಲ್ಲಿ, ಒಳಗಿನ ಗಾಳಿ ಗಂಟೆಗೆ ಆರು ಬಾರಿ ಬದಲಾದ ಕಡೆ, ಕೋವಿಡ್ ಹರಡುವ ಅಪಾಯ ಶೇ 80ಕ್ಕಿಂತ ಹೆಚ್ಚು ಕುಸಿದಿತ್ತು. ಅಂತಹ ಯಂತ್ರಗಳು ನಮ್ಮ ಹಳ್ಳಿ ಶಾಲೆಗಳಿಗೆ ಸದ್ಯಕ್ಕೆ ಕನಸಿನ ಮಾತು. ಆದರೆ ಇಟಲಿಯ ಚಳಿ ನಮ್ಮಲ್ಲಿಲ್ಲ. ಎದುರುಬದುರಾಗಿ ತೆರೆದ ಎರಡು ಕಿಟಕಿಗಳು ಗಾಳಿಯಿರುವ ದಿನ ಹೆಚ್ಚುಕಡಿಮೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡಬಲ್ಲವು. ಅವು ತೆರೆದಿರಬೇಕು, ಅಷ್ಟೇ.

ಮುಚ್ಚಿದ ಕಿಟಕಿಯ ಕಾರಣಗಳು

ಈ ಭಾಗದ ಶಾಲೆಗಳನ್ನು ಸುತ್ತಿದವರಿಗೆ ಅವು ಏಕೆ ತೆರೆದಿರುವುದಿಲ್ಲ ಎಂಬುದೂ ಗೊತ್ತು. ಒಂದು ಕಡೆಯ ಕಿಟಕಿಯ ತಗಡಿನ ಬಾಗಿಲು ತುಕ್ಕು ಹಿಡಿದು ಜಗ್ಗಿದರೂ ಬರುವುದಿಲ್ಲ. ಇನ್ನೊಂದು ಕಡೆಯ ಕಿಟಕಿಗೆ ಅಡ್ಡಲಾಗಿ ದಾಖಲೆಗಳ ಅಲ್ಮೇರಾ ನಿಂತಿದೆ. ಬೇಸಿಗೆಯಲ್ಲಿ ಬಿಸಿಗಾಳಿ ಮತ್ತು ಧೂಳು, ಆಷಾಢದಲ್ಲಿ ಹುಚ್ಚು ಗಾಳಿ, ಮಾರ್ಗಶಿರದ ಮುಂಜಾವಿನಲ್ಲಿ ಥಂಡಿ. ಮುಚ್ಚಲು ಪ್ರತಿ ಋತುವಿನಲ್ಲಿಯೂ ಒಂದು ನೆಪ ಸಿಗುತ್ತದೆ. ಕಂಪ್ಯೂಟರ್ ಇರುವ ಕೋಣೆಯಾದರೆ ಕಳ್ಳರ ಭಯ ಬೇರೆ. ಒಟ್ಟಿನಲ್ಲಿ ನಲವತ್ತು ಮಕ್ಕಳು ಒಬ್ಬರು ಬಿಟ್ಟ ಉಸಿರನ್ನು ಮತ್ತೊಬ್ಬರು ಎಳೆದುಕೊಳ್ಳುತ್ತಾ ಗಂಟೆಗಟ್ಟಲೆ ಕುಳಿತಿರುತ್ತಾರೆ. ಛಾವಣಿಯ ಪಂಖ ತಿರುಗುತ್ತಿದ್ದರೆ ಗಾಳಿಯಾಡುತ್ತಿದೆ ಎಂಬ ಭ್ರಮೆ ಉಂಟಾಗುತ್ತದೆ. ಕಿಟಕಿ ಮುಚ್ಚಿರುವಾಗ ಅದು ಒಳಗಿನ ಗಾಳಿಯನ್ನೇ ಕಲಕುತ್ತದೆ, ಹೊಸ ಗಾಳಿಯನ್ನು ತರುವುದಿಲ್ಲ.

ಉತ್ತರ ಕರ್ನಾಟಕದ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಛಾವಣಿಗೆ ಬೆಳಕಿಂಡಿ ಇರುತ್ತಿತ್ತು. ಬೆಳಕಿನ ಜೊತೆಗೆ ಒಲೆಯ ಹೊಗೆಗೂ, ಬಿಸಿಯಾಗಿ ಮೇಲೇರಿದ ಗಾಳಿಗೂ ಅದೇ ದಾರಿ. ಕಾಂಕ್ರೀಟ್ ಛಾವಣಿಯ ಕೊಠಡಿಗಳಲ್ಲಿ ಆ ದಾರಿ ಮುಚ್ಚಿಹೋಯಿತು. ಗೋಡೆಯ ಮೇಲ್ಭಾಗದಲ್ಲಿ, ಕಳ್ಳರಿಗೂ ಮಳೆಗೂ ಸಿಗದ ಎತ್ತರದಲ್ಲಿ, ಜಾಲರಿಯ ಗವಾಕ್ಷಿ ಬಿಡುವುದು ದೊಡ್ಡ ವೆಚ್ಚದ ಕೆಲಸವೇನಲ್ಲ. 2022ರ ನವೆಂಬರ್‌ನಲ್ಲಿ ಆಗಿನ ಬಸವರಾಜ ಬೊಮ್ಮಾಯಿ ಸರ್ಕಾರ ‘ವಿವೇಕ’ ಹೆಸರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಶಾಲಾ ಕೊಠಡಿಗಳ ನಿರ್ಮಾಣಕ್ಕೆ ಚಾಲನೆ ನೀಡಿದಾಗ ರಾಜ್ಯದಾದ್ಯಂತ ವಾಗ್ವಾದ ನಡೆದದ್ದು ಗೋಡೆಗೆ ಕೇಸರಿ ಬಣ್ಣ ಬಳಿಯಬೇಕೇ ಬೇಡವೇ ಎಂಬುದರ ಬಗ್ಗೆ. ಕೊರೊನಾ ಕಾಲ ಮುಗಿದು ವರ್ಷ ಕಳೆದಿರಲಿಲ್ಲ. ಆದರೂ ಆ ಗೋಡೆಗಳಲ್ಲಿ ಕಿಟಕಿಗಳೆಷ್ಟು, ಅವು ಯಾವ ದಿಕ್ಕಿಗೆ ಎಂಬ ಚರ್ಚೆ ನಮ್ಮ ಪತ್ರಿಕೆಗಳಲ್ಲಿಯೂ ನಡೆಯಲಿಲ್ಲ.

ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿ ಕೊಠಡಿಯ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ನಂತರ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿ ಬೋಧನೆಯ ದೃಷ್ಟಿಯಿಂದ ದೇಶದ ಗಮನ ಸೆಳೆದದ್ದು. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ವೃತ್ತಾಕಾರದಲ್ಲಿ ಮುಖಕ್ಕೆ ಮುಖ ಕೊಟ್ಟು ಕೂರುತ್ತಾರೆ. ಕಲಿಕೆ ಮುಂದುವರಿದಂತೆ ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಸರಿಯುತ್ತಾರೆ. ಕಾರ್ಡುಗಳು ಕೈಯಿಂದ ಕೈಗೆ ಸಾಗುತ್ತವೆ, ಹಾಡು ಎಲ್ಲರದೂ. ಕಲಿಕೆಗೆ ಅನುಕೂಲವಾದ ಪ್ರತಿಯೊಂದು ಅಂಶವೂ ವೈರಾಣುವಿಗೂ ಅನುಕೂಲವೇ. ಸಾಲುಸಾಲಾಗಿ ಬೆಂಚಿನ ಮೇಲೆ ಕೂರಿಸುವ ಖಾಸಗಿ ಶಾಲೆಗಿಂತ ಇಲ್ಲಿ ಒಂದು ಮಗುವಿನ ಸಂಪರ್ಕಕ್ಕೆ ಬರುವವರು ಹೆಚ್ಚು. ಹಾಗೆಂದು ನಲಿ-ಕಲಿಯನ್ನು ಕೈಬಿಡಬೇಕೆಂದು ಯಾರೂ ಹೇಳಲಾರರು. ಶಾಲೆಯ ಅತ್ಯುತ್ತಮ ಗಾಳಿ-ಬೆಳಕಿನ ಕೋಣೆಯನ್ನು ಮುಖ್ಯೋಪಾಧ್ಯಾಯರ ಕಚೇರಿಗಲ್ಲ, ಈ ಮಕ್ಕಳಿಗೆ ಬಿಟ್ಟುಕೊಡಬೇಕು. ಸಾಧ್ಯವಾದ ದಿನಗಳಲ್ಲಿ ತಟ್ಟೆಗಳನ್ನು ಜಗುಲಿಗೋ ಮರದ ಕೆಳಗೋ ಸಾಗಿಸಬೇಕು.

ಮರದ ಕೆಳಗಿನ ಪಾಠ ನಮಗೆ ಅಪರಿಚಿತವಲ್ಲ. ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಗುಡಿಯ ಪೌಳಿ, ಊರ ಕಟ್ಟೆ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಅದೇ ಅಕ್ಟೋಬರ್‌ನಲ್ಲಿ, ಶಿಕ್ಷಕರ ಸಾವು ಮತ್ತು ಮಕ್ಕಳಿಗೆ ಸೋಂಕು ತಗುಲಿದ ವರದಿಗಳ ಹಿನ್ನೆಲೆಯಲ್ಲಿ ವ್ಯಕ್ತವಾದ ವಿರೋಧಕ್ಕೆ ಮಣಿದು ಆಗಿನ ಸಚಿವ ಎಸ್. ಸುರೇಶ್ ಕುಮಾರ್ ಅದನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿದರು. 2021ರ ಜನವರಿಯಲ್ಲಿ ಶಾಲಾ ಆವರಣದಲ್ಲಿಯೇ ಅದು ಪರಿಷ್ಕೃತ ರೂಪದಲ್ಲಿ ಮರಳಿತು. ಸಾಂಕ್ರಾಮಿಕವು ಉತ್ತುಂಗದಲ್ಲಿದ್ದಾಗ, ಲಸಿಕೆಯೇ ಇಲ್ಲದಿದ್ದಾಗ, ಊರೂರು ತಿರುಗುವ ಶಿಕ್ಷಕರ ಮೂಲಕ ಆ ಪ್ರಯೋಗ ನಡೆಯಿತು. ಮಳೆ ಬಂದಾಗ ಬಯಲು ಪಾಠ ಒಳಗೆ ಬಂತು. ಈ ಕಾರಣಗಳಿಗಾಗಿ ನಿಂತ ಪ್ರಯೋಗವನ್ನು ಬಯಲಿನ ಸೋಲೆಂದು ಅರ್ಥೈಸಿ ಮರೆತುಬಿಟ್ಟದ್ದು ಸರಿಯಲ್ಲ ಎಂಬುದು ಈ ವರದಿಗಾರನ ಅಭಿಪ್ರಾಯ.

ಬಯಲಿಗೆ ವ್ಯತಿರಿಕ್ತವಾದ ಉದಾಹರಣೆ ವಸತಿ ಶಾಲೆಗಳದು. 2021ರ ಅಕ್ಟೋಬರ್‌ನಲ್ಲಿ ಕೊಡಗಿನ ಗಾಳಿಬೀಡು ನವೋದಯ ವಿದ್ಯಾಲಯದಲ್ಲಿ 32 ವಿದ್ಯಾರ್ಥಿಗಳಿಗೆ ಕೋವಿಡ್ ದೃಢಪಟ್ಟಿತು. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಸೀಗೋಡು ನವೋದಯದಲ್ಲಿ ಮೊದಲು 60ಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿ, ಕೆಲವೇ ದಿನಗಳಲ್ಲಿ ನೂರರ ಗಡಿ ದಾಟಿದವು. ಇವೆರಡರ ನಡುವೆ, ನವೆಂಬರ್‌ನಲ್ಲಿ, ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭದ ನಂತರ ಸೋಂಕಿತರ ಸಂಖ್ಯೆ 281ಕ್ಕೆ ಏರಿತು. ಅವರಲ್ಲಿ ಹೆಚ್ಚಿನವರು ಎರಡೂ ಡೋಸ್ ಪಡೆದವರಾಗಿದ್ದರು, ಯಾರಿಗೂ ತೀವ್ರವಾಗಲಿಲ್ಲ. ಹಗಲು ತರಗತಿ, ರಾತ್ರಿ ಮಲಗುವ ಕೋಣೆ, ನಡುವೆ ಊಟದ ಮನೆ: ಮೂರೂ ಕಡೆ ಅವೇ ಮುಖಗಳು. ಈ ಜಿಲ್ಲೆಯಲ್ಲಿಯೂ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ಇವೆ. ಹಾಸಿಗೆಗಳ ನಡುವಿನ ಅಂತರ, ಕಾಯಿಲೆಯ ಮಕ್ಕಳಿಗೆ ಬೇರೆ ಕೋಣೆ, ಇವೆರಡನ್ನು ಮೊದಲು ನೋಡಬೇಕಾದದ್ದು ಇಂತಹ ಕಡೆ.

ಮಗುವಿಗೆ ನೆಗಡಿ, ಮನೆಗೆ ನ್ಯುಮೋನಿಯಾ

ಶಾಲಾ ಮಕ್ಕಳ ನೆಗಡಿಗೆ ಇಷ್ಟೊಂದು ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಎಂಟು ವರ್ಷದ ಬಾಲಕ ಮೂರು ದಿನ ಕೆಮ್ಮಿ ನಾಲ್ಕನೆಯ ದಿನ ಗೋಲಿ ಆಡಲು ಹೊರಡುತ್ತಾನೆ, ನಿಜ. ಆದರೆ ಆ ಮೂರು ದಿನ ಅವನು ಮಲಗಿದ್ದು ತೊಟ್ಟಿಲಿನ ತಂಗಿಯ, ಉಬ್ಬಸದ ಅಜ್ಜನ ಪಕ್ಕದಲ್ಲಿ. ದೊಡ್ಡ ಮಕ್ಕಳಲ್ಲಿ ಬರೀ ನೆಗಡಿಯಾಗಿ ಹೋಗುವ ಆರ್‌ಎಸ್‌ವಿ ವೈರಾಣು ಹಸುಳೆಗಳಲ್ಲಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಸೌದೆ ಒಲೆಯ ಹೊಗೆ ಕುಡಿದ ಎಳೆಯ ಶ್ವಾಸಕೋಶಗಳಿಗೆ ಅಪಾಯ ಮತ್ತಷ್ಟು. 2025ರ ಜನವರಿಯಲ್ಲಿ ಎಚ್‌ಎಂಪಿವಿ ಹೆಸರು ರಾಜ್ಯವನ್ನು ಬೆಚ್ಚಿಬೀಳಿಸಿದಾಗ ಬೆಂಗಳೂರಿನಲ್ಲಿ ಪತ್ತೆಯಾದ ಇಬ್ಬರೂ ಹಸುಳೆಗಳೇ: ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು. ಅವರಿಗೆ ವಿದೇಶ ಪ್ರಯಾಣದ ಹಿನ್ನೆಲೆ ಇರಲಿಲ್ಲ. ವೈರಾಣು ಮೊದಲೇ ನಮ್ಮ ನಡುವೆ ಇತ್ತು. 2023ರ ಮಾರ್ಚ್ ಆರಂಭದಲ್ಲಿ ಎಚ್3ಎನ್2 ಜ್ವರದಿಂದ ಹಾಸನ ಜಿಲ್ಲೆಯಲ್ಲಿ ಮೃತಪಟ್ಟವರು 82 ವರ್ಷದ ವೃದ್ಧರು. ಸಿಂದಗಿಯಿಂದ ಜಿಲ್ಲಾ ಕೇಂದ್ರ ಸುಮಾರು 60 ಕಿ.ಮೀ. ದೂರವಿದೆ. ಉಸಿರಾಟದ ತೊಂದರೆಯಾದ ಹಸುಗೂಸನ್ನು ರಾತ್ರಿ ವೇಳೆ ಅಷ್ಟು ದೂರ ಒಯ್ಯಬೇಕಾದವರಿಗೆ ಈ ಅಂತರದ ಅರ್ಥ ಬೇರೆ.

ಶಾಲೆಯವರೇ ಬಲಿಯಾದ ನೆನಪೂ ಹಳೆಯದಲ್ಲ. 2009ರ ಆಗಸ್ಟ್ 3ರಂದು ಹಂದಿಜ್ವರಕ್ಕೆ ದೇಶದ ಮೊದಲ ಬಲಿಯಾದದ್ದು ಪುಣೆಯ 14 ವರ್ಷದ ವಿದ್ಯಾರ್ಥಿನಿ. ಅದೇ ತಿಂಗಳು ಬೆಂಗಳೂರಿನಲ್ಲಿ ಯುವ ಶಿಕ್ಷಕಿಯೊಬ್ಬರು ಅದೇ ಜ್ವರಕ್ಕೆ ಪ್ರಾಣ ತೆತ್ತರು. ಪುಣೆ, ಸೊಲ್ಲಾಪುರಗಳೊಂದಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಗಳ ನಂಟು ದಿನನಿತ್ಯದ್ದು. ಕಬ್ಬು ಕಟಾವಿಗೆ, ಕಟ್ಟಡ ಕೆಲಸಕ್ಕೆ ಗುಳೆ ಹೋದವರು ಹಬ್ಬ, ಜಾತ್ರೆಗೆ ಮರಳುತ್ತಾರೆ, ಮಕ್ಕಳು ಮತ್ತೆ ತರಗತಿಗೆ ಬರುತ್ತಾರೆ. ನೂರು ವರ್ಷಗಳ ಹಿಂದೆಯೂ ಹೀಗೆಯೇ ಇತ್ತು. 1918ರ ಇನ್‌ಫ್ಲುಯೆಂಜಾ ಮುಂಬೈ ಬಂದರಿನಲ್ಲಿ ಇಳಿದು ಹತ್ತು ಲಕ್ಷದಷ್ಟು ಜನರನ್ನು ಬಲಿ ಪಡೆದ ಮುಂಬೈ ಪ್ರಾಂತದೊಳಗೇ ಅಂದಿನ ಬಿಜಾಪುರ ಜಿಲ್ಲೆಯೂ ಇತ್ತು.

ಗುಳೆ ಹೋಗಿ ಬರುವ ಮಕ್ಕಳ ವಿಷಯದಲ್ಲಿ ತಪ್ಪುವುದು ಮುಖ್ಯವಾಗಿ ಲಸಿಕೆ. ಗಂಟಲುಮಾರಿ ಹಿಂದಿನ ತಲೆಮಾರಿನ ರೋಗವೆಂದು ನಗರದವರು ತಿಳಿದಿದ್ದಾರೆ. ಉತ್ತರ ಕರ್ನಾಟಕದಲ್ಲಿ ಅದು ಇನ್ನೂ ಪೂರ್ತಿ ಕಾಲ್ಕಿತ್ತಿಲ್ಲ. ಐದು-ಆರು ವರ್ಷಕ್ಕೆ ಡಿಪಿಟಿ ಬೂಸ್ಟರ್, ಹತ್ತು ಮತ್ತು ಹದಿನಾರಕ್ಕೆ ಟಿಡಿ ಚುಚ್ಚುಮದ್ದು ಸರ್ಕಾರದ ಪಟ್ಟಿಯಲ್ಲಿಯೇ ಇವೆ, ಉಚಿತವಾಗಿಯೂ ಸಿಗುತ್ತವೆ. ಕೈಗೂಸಿಗೆ ತಪ್ಪದೆ ಹಾಕಿಸಿದ ತಾಯಂದಿರೂ ಶಾಲಾ ವಯಸ್ಸಿನ ಈ ಮೂರನ್ನು ಮರೆಯುತ್ತಾರೆ, ಏಕೆಂದರೆ ಆ ವೇಳೆಗೆ ತಾಯಿ ಕಾರ್ಡು ಎಲ್ಲೋ ಕಳೆದಿರುತ್ತದೆ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್ ವದಂತಿಗಳ ನಡುವೆಯೂ ಕೆಲಸ ಆದದ್ದು ಶಾಲೆಗಳಲ್ಲಿ ಶಿಕ್ಷಕರು ಮುಂದೆ ನಿಂತದ್ದರಿಂದ. ದಾಖಲಾತಿಯ ದಿನವೇ ಲಸಿಕೆಯ ವಿವರ ಕೇಳಿ, ಬಾಕಿ ಇರುವವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೆ ಕೊಡುವುದಕ್ಕೆ ಹೊಸ ಆದೇಶವೂ ಬೇಕಿಲ್ಲ.

ಮಾಸ್ಕ್, ಕೈತೊಳೆತಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಾಲೆಯಲ್ಲಿಯೇ ಜ್ವರ ಕಾಣಿಸಿಕೊಂಡ ಮಗುವಿಗೆ ಮನೆಯವರು ಬರುವವರೆಗೆ ಮಾಸ್ಕ್ ಹಾಕಿ ಜಗುಲಿಯಲ್ಲಿ ಕೂರಿಸುವುದು ಉಪಯುಕ್ತ. ನಲ್ಲಿಯಲ್ಲಿ ನೀರೇ ಬಾರದ ಕಡೆ ಕೈತೊಳೆಯುವ ಭಿತ್ತಿಚಿತ್ರ ಅಂಟಿಸುವುದರಿಂದ ಉಪಯೋಗವಿಲ್ಲ.

ಮತ್ತೆ ಸುತ್ತೋಲೆಗೆ ಬರೋಣ. ಜ್ವರದ ಮಗುವನ್ನು ಮನೆಯಲ್ಲಿರಿಸಿ ಎಂದು ಹೇಳುವ ಸರ್ಕಾರ, ಹಾಗೆ ಇರಿಸಿಕೊಂಡ ಮನೆಗೆ ಏನು ಕೊಡುತ್ತದೆ? 2020-21ರಲ್ಲಿ ಶಾಲೆ ಮುಚ್ಚಿದ್ದಾಗ ಬಿಸಿಯೂಟದ ಬದಲಿಗೆ ಅಕ್ಕಿ, ಬೇಳೆಯನ್ನು ಮಕ್ಕಳ ಮನೆಗಳಿಗೆ ತಲುಪಿಸಿದ ಅನುಭವ ಇದೇ ಇಲಾಖೆಗೆ ಇದೆ. ಕಾಯಿಲೆಯ ಮಗುವಿನ ಪಾಲಿನ ಊಟ, ಮೊಟ್ಟೆಯನ್ನು ಅಣ್ಣನೋ ಅಕ್ಕನೋ ಡಬ್ಬಿಯಲ್ಲಿ ಒಯ್ಯಲು ಅನುಮತಿಸುವ ಒಂದು ಸಾಲಿನ ಆದೇಶ ಸಾಕು. ಆ ದಿನಗಳನ್ನು ಗೈರುಹಾಜರಿಯಲ್ಲಿ ಎಣಿಸದಿರುವುದು ಎರಡನೆಯ ಸಾಲು. ಔಷಧಿ ಇಲ್ಲದೆಯೇ ಒಂದು ಪೂರ್ಣ ದಿನ ಜ್ವರ ಬಾರದಿದ್ದರೆ ಮಗು ಮರಳಬಹುದು ಎಂದು ಸ್ಪಷ್ಟವಾಗಿ ಬರೆಯುವುದು ಮೂರನೆಯದು. ‘ಗುಣವಾದ ಮೇಲೆ’ ಎಂದಷ್ಟೇ ಹೇಳಿದರೆ ಒಬ್ಬ ತಾಯಿ ಒಂದು ದಿನ, ಇನ್ನೊಬ್ಬಳು ಹದಿನೈದು ದಿನ ಎಂದು ತಿಳಿಯುತ್ತಾಳೆ.

ಕೊಠಡಿಗಳ ಗಾಳಿಯನ್ನು ಅಳೆಯುವ ಕೆಲಸವೂ ಕಷ್ಟದ್ದಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಇರುತ್ತದೆ. ಮಕ್ಕಳು ಕುಳಿತ ಕೋಣೆಯಲ್ಲಿ ಅದು ಸಾವಿರ ದಾಟಿ ಏರುತ್ತಲೇ ಇದ್ದರೆ ಗಾಳಿ ಬದಲಾಗುತ್ತಿಲ್ಲ ಎಂದೇ ಅರ್ಥ. ಅಂಗೈಯಗಲದ ಮಾಪಕಕ್ಕೆ ಕೆಲವು ಸಾವಿರ ರೂಪಾಯಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಒಂದೆರಡನ್ನು ಕೊಟ್ಟರೆ ಸಮೂಹ ಸಂಪನ್ಮೂಲ ವ್ಯಕ್ತಿಗಳು ಶಾಲಾ ಭೇಟಿಯ ದಿನ ಅಳೆದು, ಯಾವ ಕೋಣೆಯ ಯಾವ ಕಿಟಕಿ ತೆರೆಯಬೇಕೆಂದು ಬರೆದುಕೊಂಡು ಬರಬಹುದು. ಮಾಪಕ ಸಿಗದಿದ್ದರೆ ಊದುಬತ್ತಿ ಇದ್ದೇ ಇದೆ.

ತುಕ್ಕು ಹಿಡಿದ ಕಿಟಕಿಗಳ ರಿಪೇರಿಗೆ ಸಿಗುವ ಅವಧಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ. ಅದಕ್ಕೆ ಗ್ರಾಮ ಪಂಚಾಯಿತಿಯಿಂದ ಹಣ ಕೇಳಬೇಕಾದವರು ಎಸ್‌ಡಿಎಂಸಿ ಸದಸ್ಯರು, ಅಂದರೆ ಆ ಮಕ್ಕಳ ತಂದೆ-ತಾಯಂದಿರೇ. ಅವರ ಬೇಡಿಕೆ ಕ್ರಿಯಾ ಯೋಜನೆಯೊಳಗೆ ಸೇರಬೇಕಾದರೆ, ಅವರಲ್ಲಿ ಅರ್ಧದಷ್ಟು ಜನ ಗುಳೆ ಹೊರಡುವ ಮೊದಲೇ ಸಭೆ ಕರೆಯಬೇಕಾಗುತ್ತದೆ.